ಹೊಲದಲ್ಲಿ ಹುಟ್ಟಿ ಊರೆಲ್ಲ ಆಡುವ ಮಾತು
(ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರಿಗಾಗಿ ಮಾಡಿದ ಭಾಷಣದ ಬರಹ)



ಚುನಾವಣೆ ಬಂತೆಂದರೆ ಪತ್ರಿಕೆಗಳಲ್ಲಿ ಒಂದು ಮಾತು ತಪ್ಪದೆ ಕಾಣುತ್ತದೆ. ಇಂಥವರು ‘ಕಣಕ್ಕೆ ಇಳಿದರು’, ಇಂಥವರು ‘ಕಣದಿಂದ ಹಿಂದೆ ಸರಿದರು’, ಕೊನೆಗೆ ‘ಕಣದಲ್ಲಿ ಉಳಿದವರು ಐವರು’. ಪೇಟೆಯಲ್ಲೇ ಹುಟ್ಟಿ ಬೆಳೆದವರೂ ಈ ಮಾತನ್ನು ಸಲೀಸಾಗಿ ಆಡುತ್ತಾರೆ. ಅವರಲ್ಲಿ ಅನೇಕರು ಕಣವನ್ನು ಕಣ್ಣಿನಿಂದ ಕಂಡವರಲ್ಲ. ಸಗಣಿಯಿಂದ ಸಾರಿಸಿದ, ನಡುವೆ ಮೇಟಿ ನೆಟ್ಟ, ತೆನೆ ತುಳಿಸಿ ಕಾಳು ಮಾಡುವ ಆ ದುಂಡು ನೆಲವೇ ಮೂಲದ ಕಣ. ಹಳಗನ್ನಡದಲ್ಲಿ ಇದು ‘ಕಳ’. ತಮಿಳಿನಲ್ಲಿ ‘ಕಳಂ’. ಎರಡು ನುಡಿಗಳಲ್ಲಿಯೂ ಈ ಪದಕ್ಕೆ ತೆನೆ ಒಕ್ಕುವ ಜಾಗವೆಂಬ ಅರ್ಥವೂ ಇದೆ, ಯುದ್ಧ ಮಾಡುವ ಜಾಗವೆಂಬ ಅರ್ಥವೂ ಇದೆ. ಎತ್ತುಗಳು ಸುತ್ತಿ ಸುತ್ತಿ ತುಳಿದು, ಹುಲ್ಲು ಒಂದು ಕಡೆ, ಕಾಳು ಒಂದು ಕಡೆ ಆಗುವ ಜಾಗಕ್ಕೂ, ಸೈನ್ಯಗಳು ತುಳಿದಾಡಿ ಗೆದ್ದವರು ಸೋತವರು ಬೇರೆಯಾಗುವ ಜಾಗಕ್ಕೂ ನಮ್ಮ ಹಿರಿಯರು ಒಂದೇ ಹೆಸರಿಟ್ಟರು. ಚುನಾವಣೆಯ ಕಣ ಈ ಎರಡರ ಮೊಮ್ಮಗು.

ಮೇಟಿಯ ಸಂಗತಿಯೂ ಹೀಗೆಯೇ. ಕಣದ ನಡುವೆ ನೆಟ್ಟ, ಎತ್ತುಗಳ ಹಗ್ಗಕ್ಕೆ ಆಧಾರವಾದ ಕಂಬ ಮೇಟಿ. ಎಲ್ಲವೂ ಅದರ ಸುತ್ತಲೇ ತಿರುಗಬೇಕು. ಆದುದರಿಂದ ಊರಿಗೆ ಆಧಾರವಾದ ಮುಖಂಡನೂ ಮೇಟಿಯೆನಿಸಿದ. ಬೇಸಾಯಕ್ಕೆ ‘ಮೇಟಿ ವಿದ್ಯೆ’ ಎಂಬ ಹೆಸರು ಸರ್ವಜ್ಞನ ತ್ರಿಪದಿಯ ಮೂಲಕ ಮನೆಮಾತಾಗಿದೆ. ಕಣದಿಂದ ಬಂದ ಮಾತು ಇಷ್ಟಕ್ಕೇ ಮುಗಿಯುವುದಿಲ್ಲ. ‘ಗಾಳಿ ಬಂದಾಗ ತೂರಿಕೋ’ ಎಂದು ಇಂದು ವ್ಯಾಪಾರಸ್ಥನಿಗೆ, ಕೆಲಸ ಹುಡುಕುವ ಹುಡುಗನಿಗೆ ಹೇಳುತ್ತೇವೆ. ರಾಶಿಯ ಮುಂದೆ ಮೊರ ಹಿಡಿದು, ಗಾಳಿ ಯಾವಾಗ ಎದ್ದೀತೆಂದು ಮಧ್ಯಾಹ್ನವೆಲ್ಲ ಕಾದು ಕುಳಿತವನಿಗೆ ಮಾತ್ರ ಅದರ ನಿಜವಾದ ಬಿಸಿ ಗೊತ್ತು. ಎದ್ದ ಗಾಳಿ ಅರ್ಧ ತಾಸಿನಲ್ಲಿ ಬಿದ್ದುಹೋಗುತ್ತದೆ. ಆ ಹೊತ್ತಿನಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತ ಕುಳಿತವನ ರಾಶಿ ಮರುದಿನಕ್ಕೆ ಉಳಿಯುತ್ತದೆ, ರಾತ್ರಿ ಮಳೆ ಬಂದರೆ ಅದೂ ಇಲ್ಲ. ತೂರಿದಾಗ ಹಾರಿಹೋಗುವುದು ಜೊಳ್ಳು. ಹುರುಳಿಲ್ಲದ ಮಾತಿಗೂ ಜೊಳ್ಳು ಮಾತೆಂದೇ ಹೆಸರು.

ರಾಶಿ ಅಳೆಯುವಾಗ ಹಿರಿಯರು ಮೊದಲ ಕೊಳಗವನ್ನು ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಆಮೇಲೆ ಎರಡು, ಮೂರು. ವರ್ಷದ ದುಡಿಮೆ ಕಣ್ಣ ಮುಂದೆ ರಾಶಿಯಾಗಿ ಬಿದ್ದಿರುವಾಗ ಬಾಯಿಂದ ಬರುವ ಮೊದಲ ಮಾತು ಒಳ್ಳೆಯದಾಗಿರಲಿ ಎಂಬ ಹಂಬಲ ಅದು. ಮನೆಯಿಂದ ಹೊರಡುವವರು ‘ಹೋಗುತ್ತೇನೆ’ ಎನ್ನದೆ ‘ಹೋಗಿ ಬರುತ್ತೇನೆ’ ಎನ್ನುವುದೂ, ಉತ್ತರ ಕರ್ನಾಟಕದಲ್ಲಿ ದೀಪ ಆರಿಸುವುದಕ್ಕೆ ‘ದೀಪ ದೊಡ್ಡದು ಮಾಡು’ ಎನ್ನುವುದೂ ಇದೇ ಮನಸ್ಸಿನಿಂದ ಬಂದ ಮಾತುಗಳು. ಇಂದು ಅನೇಕ ಊರುಗಳಲ್ಲಿ ಕಣವೇ ಇಲ್ಲ. ರಾಗಿ, ಹುರುಳಿಯ ತೆನೆಗಳನ್ನು ಡಾಂಬರು ರಸ್ತೆಗೆ ಹರಡಿ ಲಾರಿ, ಬಸ್ಸುಗಳ ಚಕ್ರಕ್ಕೆ ಒಪ್ಪಿಸುವುದು ರೂಢಿಯಾಗಿದೆ. ಕಾಳಿನೊಡನೆ ಕಲ್ಲು, ಎಣ್ಣೆ ಎಲ್ಲವೂ ಸೇರುತ್ತವೆ, ದ್ವಿಚಕ್ರ ವಾಹನದವರು ಜಾರಿ ಬೀಳುತ್ತಾರೆ. ಕಣ ಹೋದರೂ ‘ಲಾಭ’ ಎನ್ನುವ ಬಾಯಿ ಕೆಲವೆಡೆ ಉಳಿದುಕೊಂಡಿದೆ ಎಂಬುದು ಸಮಾಧಾನ.

ಕೆರೆಯ ಮಾತು

ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಇಷ್ಟು ಕೆರೆಗಳಿರುವ ನಾಡಿನಲ್ಲಿ ಕೆರೆಯ ಮಾತು ಮನುಷ್ಯರ ಸುಖದುಃಖಕ್ಕೆ ಹರಿದುಬಂದುದರಲ್ಲಿ ಆಶ್ಚರ್ಯವಿಲ್ಲ. ‘ಕಣ್ಣೀರು ಕೋಡಿಯಾಗಿ ಹರಿಯಿತು’ ಎಂದು ಕಾದಂಬರಿಯಲ್ಲಿ ಓದುತ್ತೇವೆ. ಕೆರೆ ತುಂಬಿ ಹೆಚ್ಚಾದ ನೀರು ಏರಿಗೆ ಅಪಾಯ ಮಾಡದೆ ಹೊರಗೆ ಹರಿದುಹೋಗಲು ಬಿಟ್ಟ ದಾರಿಯೇ ಕೋಡಿ. ಎದೆ ತುಂಬಿ, ಇನ್ನು ಹಿಡಿಯಲಾರದೆ ಕಣ್ಣಿನಿಂದ ಹರಿದದ್ದು ಕಣ್ಣೀರಿನ ಕೋಡಿ. ಹೋಲಿಕೆ ಎಷ್ಟು ಕರಾರುವಾಕ್ಕಾಗಿದೆ ನೋಡಿ: ಅತ್ತರೆ ಎದೆ ಹಗುರವಾಗುತ್ತದೆ, ಕೋಡಿ ಹರಿದರೆ ಏರಿ ಉಳಿಯುತ್ತದೆ. ಕೋಡಿಯ ದಾರಿಯನ್ನು ಒತ್ತಿಕೊಂಡು ತೋಟ ಮಾಡಿದರೆ ಅಥವಾ ಕೆರೆಯಲ್ಲಿ ಇನ್ನಷ್ಟು ನೀರು ನಿಲ್ಲಲೆಂದು ಕೋಡಿಯ ಮೇಲೆ ಮರಳು ಚೀಲ ಪೇರಿಸಿದರೆ ಮುಂದಿನ ಮಾತು ‘ಕಟ್ಟೆ ಒಡೆಯಿತು’ ಎಂಬುದು. ತಾಳ್ಮೆಯ ಕಟ್ಟೆ ಒಡೆಯಿತೆಂಬ ಮಾತು ಅಲ್ಲಿಂದಲೇ ಬಂದದ್ದು.

‘ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು’ ಎಂಬ ಗಾದೆಯನ್ನು ಗಂಡ ಹೆಂಡಿರ, ಅಣ್ಣ ತಮ್ಮಂದಿರ, ಪಂಚಾಯಿತಿ ಸದಸ್ಯರ ಒಮ್ಮತವಿಲ್ಲದ ಸಂಸಾರಕ್ಕೆ ಅನ್ವಯಿಸುತ್ತಾರೆ. ಗಾದೆ ಕಟ್ಟಿದವನು ಮಾತ್ರ ದನಗಳ ಸ್ವಭಾವವನ್ನು ಬಲ್ಲ ರೈತ. ಕೋಣ ಎಮ್ಮೆಗಳ ಚರ್ಮ ಕಪ್ಪು, ಬೆವರಿನ ಗ್ರಂಥಿಗಳು ಕಡಿಮೆ. ಬಿಸಿಲೇರಿದಂತೆ ಮೈ ತಣಿಸಿಕೊಳ್ಳಲು ಅವು ನೀರನ್ನೋ ಕೆಸರನ್ನೋ ಹುಡುಕಲೇಬೇಕು. ಅದು ಕೋಣದ ಮೊಂಡುತನವಲ್ಲ, ದೇಹಧರ್ಮ. ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದವನದೇ ತಪ್ಪು.

ಹದ ಮತ್ತು ಬೆದೆ

ಕನ್ನಡದ ರೈತನ ಬಾಯಲ್ಲಿ ‘ಹದ’ ಎಂಬ ಎರಡಕ್ಷರ ಮಾಡುವಷ್ಟು ಕೆಲಸವನ್ನು ಬೇರೆ ಮಾತು ಮಾಡಲಾರದು. ಉಳುಮೆಗೆ ಹದ, ಬಿತ್ತನೆಗೆ ಹದ, ಬೆಲ್ಲದ ಪಾಕಕ್ಕೆ ಹದ, ಮುದ್ದೆಗೆ ಹದ. ಚರ್ಮ ಹದ ಮಾಡುವುದು ಒಂದು ಕಸುಬು. ಬುದ್ಧಿ ಹೇಳಿ ಹುಡುಗನನ್ನು ಹದಕ್ಕೆ ತರುವುದು ಇನ್ನೊಂದು. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿ ಉಂಡೆ ಮಾಡಿ, ಸೊಂಟದ ಎತ್ತರದಿಂದ ಬಿಟ್ಟಾಗ ನೆಲಕ್ಕೆ ಬಿದ್ದು ಪುಡಿಯಾದರೆ ಉಳಲು ಹದ. ಉಂಡೆ ಹಾಗೆಯೇ ಉಳಿದರೆ ಇನ್ನೂ ಹಸಿ. ಯಾವ ಉಪಕರಣವೂ ಬೇಡದ ಈ ಪರೀಕ್ಷೆಯನ್ನು ಕಲಿಸುವಾಗ ‘ಮಣ್ಣಿನ ತೇವಾಂಶ ಸೂಕ್ತ ಮಟ್ಟದಲ್ಲಿರುವಾಗ’ ಎಂದು ಬರೆಯುವ ಅಗತ್ಯವಿಲ್ಲ. ‘ಹದ ನೋಡಿ’ ಎಂದರೆ ಸಾಕು.

ಬೆದೆ ಎಂಬ ಮಾತು ಇನ್ನೂ ಸ್ವಾರಸ್ಯದ್ದು. ಮಳೆ ಬಿದ್ದು ಭೂಮಿ ಬಿತ್ತನೆಗೆ ಸಿದ್ಧವಾದ ಸ್ಥಿತಿಗೂ ಬೆದೆಯೆನ್ನುತ್ತಾರೆ, ಹಸು ಗರ್ಭ ಕಟ್ಟಲು ಸಿದ್ಧವಾದ ಸ್ಥಿತಿಗೂ ಬೆದೆಯೆನ್ನುತ್ತಾರೆ. ಎರಡು ಕಡೆಯೂ ಒಂದೇ ಎಚ್ಚರ: ಇದು ಬಹಳ ಹೊತ್ತು ನಿಲ್ಲುವುದಿಲ್ಲ. ಹಸುವಿನಲ್ಲಿ ಬೆದೆ ಸಾಮಾನ್ಯವಾಗಿ 21 ದಿನಗಳಿಗೊಮ್ಮೆ ಬಂದು, ಸುಮಾರು 12ರಿಂದ 18 ತಾಸು ಇರುತ್ತದೆ. ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ತಪ್ಪಿದರೆ ಮತ್ತೆ 21 ದಿನ ಕಾಯಬೇಕು, ಅಷ್ಟು ದಿನದ ಮೇವು ದಂಡ. ಎಮ್ಮೆಗಳಲ್ಲಿ ಕೂಗು, ಹಾರಾಟ ಕಾಣದ ‘ಮೂಕ ಬೆದೆ’ ಇರುವುದರಿಂದ ಇನ್ನಷ್ಟು ನಿಗಾ ಬೇಕು. ಬೆದೆಯ ಹೊಲವನ್ನು ನೆಂಟರ ಮನೆಯ ಮದುವೆಗೆಂದು ಬಿಟ್ಟುಹೋಗದ ರೈತ, ಬೆದೆಯ ಹಸುವನ್ನು ‘ನಾಳೆ ನೋಡೋಣ’ ಎನ್ನುವುದುಂಟು. ಮಾತು ಒಂದೇ ಎಂಬುದನ್ನು ನೆನಪಿಸಿದರೆ ವಿಷಯ ಬೇಗ ಮನಸ್ಸಿಗೆ ಹೋಗುತ್ತದೆ.

ಒಂದು ಮಾತು, ಎರಡು ಬೆಳೆ

ಇಲ್ಲಿಯವರೆಗೆ ಹೇಳಿದ್ದು ಮಾತಿನ ಸೊಗಸು. ಇನ್ನು ಮಾತಿನಿಂದ ಬರುವ ನಷ್ಟವನ್ನು ನೋಡಬೇಕು. ಮಂಡ್ಯದ ಕಡೆ ಹುಟ್ಟಿ ಬೆಳೆದ ವಿಸ್ತರಣಾ ಕಾರ್ಯಕರ್ತರೊಬ್ಬರು ಗದಗದ ಕಡೆಗೆ ವರ್ಗವಾಗಿ ಹೋದರೆಂದು ಇಟ್ಟುಕೊಳ್ಳಿ. ಜೂನ್ ತಿಂಗಳ ಸಭೆಯಲ್ಲಿ ಅವರು ‘ಕಡಲೆ ಬೀಜ ಬಂದಿದೆ, ಬೀಜೋಪಚಾರ ಮಾಡಿ ಬಿತ್ತಿರಿ’ ಎನ್ನುತ್ತಾರೆ. ಹಿಂದೆ ಕುಳಿತ ಹಿರಿಯರು ಏಳುತ್ತಾರೆ: ‘ಸಾಹೇಬ್ರ, ಕಡ್ಲಿ ಬಿತ್ತೂದು ನಾವು ಹಿಂಗಾರಿಗೆ. ಈಗ ಬಿತ್ತಂತೀರಲ್ಲ, ಹ್ಯಾಂಗ್ರಿ?’ ಕಾರ್ಯಕರ್ತರ ಮನಸ್ಸಿನಲ್ಲಿದ್ದುದು ಕಡಲೆಕಾಯಿ. ಗದಗದಲ್ಲಿ ಅದು ಶೇಂಗಾ, ಕರಾವಳಿಯಲ್ಲಿ ನೆಲಗಡಲೆ. ಅಲ್ಲಿ ಕಡಲೆ ಎಂದರೆ ಚಳಿಗಾಲದಲ್ಲಿ ಎರೆ ಹೊಲದ ಹಸಿಯ ಮೇಲೆ ಬೆಳೆಯುವ, ಬೇಳೆ, ಹಿಟ್ಟು, ಪುಟಾಣಿಯಾಗುವ ಕಡಲೆ ಮಾತ್ರ. ಆ ಹಿರಿಯರು ಎದ್ದು ಕೇಳಿದ್ದರಿಂದ ವಿಷಯ ತಿಳಿಯಾಯಿತು. ಕೇಳದೆ ಸುಮ್ಮನೆ ಕುಳಿತು, ಮನೆಗೆ ಹೋಗಿ ‘ಈ ಸಾಹೇಬರಿಗೆ ಒಕ್ಕಲುತನ ಗೊತ್ತಿಲ್ಲ’ ಎಂದು ಕೈಬಿಡುವವರೇ ಹೆಚ್ಚು.

ಇಲ್ಲಿ ಪೆಟ್ಟು ಬೀಳುವುದು ಹೆಸರಿಗಲ್ಲ. ಕಡಲೆಗೆ ಲೇಪಿಸುವ ರೈಜೋಬಿಯಂ ಅಣುಜೀವಿಯ ಬಗೆ ಬೇರೆ, ಶೇಂಗಾಕ್ಕೆ ಲೇಪಿಸುವ ಬಗೆ ಬೇರೆ. ಒಂದರದನ್ನು ಇನ್ನೊಂದಕ್ಕೆ ಹಾಕಿದರೆ ಬೇರಿನಲ್ಲಿ ಗಂಟು ಸರಿಯಾಗಿ ಕಟ್ಟದು, ಪೊಟ್ಟಣದ ಹಣ ನೀರುಪಾಲು. ಶೇಂಗಾಕ್ಕೆ ಹೂವಾಡುವ ಹೊತ್ತಿಗೆ ಜಿಪ್ಸಂ ಹಾಕುವ ಸಲಹೆಯನ್ನು ಕಡಲೆಗೆ ಎಂದು ತಿಳಿದುಕೊಂಡರೆ ಅದೂ ಹಾಗೆಯೇ.

ಜೋಳದ ಗೊಂದಲವೂ ಚಿಕ್ಕದಲ್ಲ. ವಿಜಯಪುರ, ಕಲಬುರಗಿಗಳಲ್ಲಿ ಜೋಳವೆಂದರೆ ರೊಟ್ಟಿಯ ಜೋಳ, ಅದಕ್ಕೆ ಬೇರೆ ವಿಶೇಷಣ ಬೇಕಿಲ್ಲ. ಮೈಸೂರು ಸೀಮೆಯಲ್ಲಿ ಇಂದು ಬರೀ ಜೋಳವೆಂದರೆ ಅನೇಕರಿಗೆ ಮುಸುಕಿನ ಜೋಳ. ಅದೇ ಬೆಳೆ ಧಾರವಾಡ, ಹಾವೇರಿ ಕಡೆ ಗೋವಿನಜೋಳ, ದಾವಣಗೆರೆ ಮಂಡಿಯಲ್ಲಿ ಮೆಕ್ಕೆಜೋಳ. ತೆನೆಗೆ ಸಿಪ್ಪೆಯ ಮುಸುಕು ಇರುವುದರಿಂದ ಮುಸುಕಿನ ಜೋಳ. ಹಿಂದಿಯ ಮಕ್ಕಾದಿಂದ ಮೆಕ್ಕೆ. ಹೊರಗಿನಿಂದ ಬಂದ ಅನೇಕ ಬೆಳೆಗಳಿಗೆ ನಮ್ಮ ಜನ ಮೊದಲಿದ್ದ ಬೆಳೆಯ ಹೆಸರನ್ನೇ ಹೊದಿಸಿ ಒಳಗೆ ಕರೆದುಕೊಂಡಿದ್ದಾರೆ. ಮೆಣಸು ಎಂದರೆ ಮೊದಲು ಇದ್ದುದು ಬಳ್ಳಿಯ ಕಾಳುಮೆಣಸು. ಪೋರ್ಚುಗೀಸರ ಕಾಲದಲ್ಲಿ ಅಮೆರಿಕ ಖಂಡದಿಂದ ಬಂದ ಕಾಯಿ ಅದರ ಖಾರವನ್ನೂ ಹೆಸರನ್ನೂ ಪಡೆದು ಮೆಣಸಿನಕಾಯಿ ಆಯಿತು. ಕೊನೆಗೆ ಹಳೆಯ ಮೆಣಸೇ ದಕ್ಷಿಣ ಕನ್ನಡದಲ್ಲಿ ‘ಒಳ್ಳೆಮೆಣಸು’ ಎಂದು ತನ್ನ ಗುರುತು ಹೇಳಿಕೊಳ್ಳಬೇಕಾಯಿತು! ಬಟಾಟೆ ಮಾತ್ರ ಪೋರ್ಚುಗೀಸ್ ಹೆಸರನ್ನೇ ಹೊತ್ತು ಬಂದು ಕರಾವಳಿಯಲ್ಲೂ ಉತ್ತರ ಕರ್ನಾಟಕದಲ್ಲೂ ಹಾಗೆಯೇ ಉಳಿಯಿತು. ಮೈಸೂರು ಸೀಮೆಯಲ್ಲಿ ಅದು ಆಲೂಗಡ್ಡೆ.

ಅಕ್ಕಡಿ ಎಂಬ ಮಾತನ್ನು ತಿಳಿಯದೆ ಆಗಬಹುದಾದ ಹಾನಿ ಇವೆಲ್ಲಕ್ಕಿಂತ ದೊಡ್ಡದು. ರಾಗಿ ಬಿತ್ತುವಾಗ ಕೂರಿಗೆಯ ಹಿಂದೆ ಸಡ್ಡೆ ಕಟ್ಟಿ, ಕೆಲವು ಸಾಲುಗಳಿಗೊಂದರಂತೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಬಿತ್ತುವುದೇ ಅಕ್ಕಡಿ. ರಾಗಿ ಮನೆಯ ಮುದ್ದೆಗೆ, ಅಕ್ಕಡಿ ಅದರ ಸಾರಿಗೆ. ಕಳೆ ಹೆಚ್ಚಾಯಿತೆಂದು ಅಗಲ ಎಲೆಯ ಕಳೆಗಳನ್ನು ಕೊಲ್ಲುವ 2,4-ಡಿ ಸಿಂಪಡಿಸಲು ಹೇಳುವ ಮೊದಲು ‘ಅಕ್ಕಡಿ ಹಾಕಿದ್ದೀರಾ?’ ಎಂದು ಕೇಳಲೇಬೇಕು. ಆ ಔಷಧಿಗೆ ಅವರೆ, ತೊಗರಿಯೂ ಅಗಲ ಎಲೆಯ ಗಿಡವೇ. ರಾಗಿ ಉಳಿದು, ವರ್ಷದ ಸಾರಿನ ಕಾಳು ಸುಟ್ಟುಹೋದೀತು. ‘ಮಿಶ್ರ ಬೆಳೆ ಇದೆಯೇ?’ ಎಂದು ಕೇಳಿದರೆ ಅನೇಕ ಹೆಣ್ಣುಮಕ್ಕಳು ಇಲ್ಲವೆಂದೇ ಹೇಳುತ್ತಾರೆ. ಅವರ ಲೆಕ್ಕದಲ್ಲಿ ಅದು ಬೆಳೆಯಲ್ಲ, ಅಕ್ಕಡಿ.

ಸೇರಿಗೆ ಸವ್ವಾಸೇರು

ತೂಕ ಅಳತೆಯ ಮೆಟ್ರಿಕ್ ಪದ್ಧತಿಗೆ 1956ರಲ್ಲಿ ಕಾಯಿದೆಯಾಗಿ, 1958ರಿಂದ ಹಂತ ಹಂತವಾಗಿ ಜಾರಿಗೆ ಬಂತು. ಸೇರು ಹೋಗಿ ಕಿಲೋ ಬಂತು. ಆದರೂ ಒಬ್ಬನಿಗಿಂತ ಒಬ್ಬ ಬಲ್ಲಿದನನ್ನು ಕಂಡಾಗ ‘ಸೇರಿಗೆ ಸವ್ವಾಸೇರು’ ಎನ್ನುತ್ತೇವೆಯೇ ಹೊರತು ಕಿಲೋಗೆ ಸವ್ವಾಕಿಲೋ ಎನ್ನುವುದಿಲ್ಲ. ಸವ್ವಾ ಎಂದರೆ ಒಂದೂಕಾಲು. ಸೇರಿನಷ್ಟು ಇದ್ದವನಿಗೆ ಕಾಲು ಸೇರು ಮಿಗಿಲಾದವನು ಸಿಕ್ಕಿದ ಎಂದು ಅರ್ಥ. 1957ರ ಏಪ್ರಿಲ್ 1ರಂದು ನಾಣ್ಯದಲ್ಲಿ ದಶಮಾಂಶ ಪದ್ಧತಿ ಬಂದು ರೂಪಾಯಿಗೆ 16 ಆಣೆಯ ಲೆಕ್ಕ ಮುಗಿಯಿತು. ಆದರೆ ಪೂರ್ತಿ ಬೆಳೆಗೆ ‘ಹದಿನಾರಾಣೆ ಬೆಳೆ’, ಪೂರ್ತಿ ನಿಜಕ್ಕೆ ‘ಹದಿನಾರಾಣೆ ನಿಜ’ ಉಳಿದುಕೊಂಡವು. ಬೆಳೆಯ ಅಂದಾಜಿಗೆ ಕಂದಾಯ ಇಲಾಖೆಯ ಬಾಯಲ್ಲಿ ‘ಆಣೆವಾರಿ’ ಎಂಬ ಹೆಸರು ನಾಣ್ಯ ಹೋದ ಮೇಲೂ ಬಹುಕಾಲ ನಡೆಯಿತು.

ಹಿಂದೆ ನೆಲವನ್ನು ಅಳೆಯುತ್ತಿದ್ದುದು ಸರಪಳಿಯಿಂದಲ್ಲ, ಬೀಜದಿಂದ ಅಥವಾ ದುಡಿಮೆಯಿಂದ. ಮೈಸೂರು ಸೀಮೆಯಲ್ಲಿ 20 ಕೊಳಗ ಒಂದು ಖಂಡುಗ. ಖಂಡುಗ ಗದ್ದೆಯೆಂದರೆ ಅಷ್ಟು ಬಿತ್ತನೆ ಹಿಡಿಯುವ ಗದ್ದೆ. ದಕ್ಷಿಣ ಕನ್ನಡದಲ್ಲಿ ಮುಡಿ ಗದ್ದೆ. ಉತ್ತರ ಕರ್ನಾಟಕದಲ್ಲಿ ‘ಎರಡು ಕೂರಿಗಿ ಹೊಲ’. ಈ ಅಳತೆಯಲ್ಲಿ ಒಂದು ಜಾಣತನವಿತ್ತು. ಭೂಮಿ ಒಳ್ಳೆಯದೋ ಕೆಟ್ಟದ್ದೋ, ಬೀಜ ದಟ್ಟವಾಗಿ ಹಾಕಬೇಕೋ ತೆಳುವಾಗಿ ಹಾಕಬೇಕೋ ಎಂಬುದೂ ಅದರಲ್ಲೇ ಸೇರಿಹೋಗುತ್ತಿತ್ತು. ಎಕರೆ ಗುಂಟೆಗಳ ಲೆಕ್ಕದಲ್ಲಿ ಅದಿಲ್ಲ. ಅದರ ದೋಷವೂ ಅಷ್ಟೇ ದೊಡ್ಡದು. ಊರಿಂದೂರಿಗೆ ಕೊಳಗ ಬೇರೆ, ಕಚ್ಚಾ ಸೇರು ಬೇರೆ, ಪಕ್ಕಾ ಸೇರು ಬೇರೆ. ಕೊಡುವಾಗ ಒಂದು, ಕೊಳ್ಳುವಾಗ ಒಂದು ಕೊಳಗ ಇಟ್ಟ ಸಾಹುಕಾರರ ಕಥೆಗಳನ್ನು ಕೇಳದ ಹಳ್ಳಿಯಿಲ್ಲ. ಹಳೆಯ ಅಳತೆ ಹೋಯಿತೆಂದು ಅಳಬೇಕಾಗಿಲ್ಲ.

ದುಃಖದ ಸಂಗತಿಯೆಂದರೆ, ಕಾಳನ್ನು ಕಿಲೋದಲ್ಲಿ ಮಾರುವ ರೈತ ಕೀಟನಾಶಕವನ್ನು ಇಂದಿಗೂ ಮುಚ್ಚಳದಲ್ಲಿ ಅಳೆಯುತ್ತಾನೆ. ‘ಕ್ಯಾನಿಗೆ ಎರಡು ಮುಚ್ಚಳ’ ಎಂಬುದು ಇಂದಿನ ಹೊಸ ಕೊಳಗ. ಒಂದು ಬಾಟಲಿಯ ಮುಚ್ಚಳ ಇನ್ನೊಂದರಂತಿಲ್ಲ. ಲೀಟರ್ ನೀರಿಗೆ 2 ಮಿ.ಲೀ. ಎಂದು ಶಿಫಾರಸು ಇದ್ದರೆ 16 ಲೀಟರಿನ ಕ್ಯಾನಿಗೆ 32 ಮಿ.ಲೀ. ಬೇಕು, ಅದನ್ನು ಅಳತೆಯ ಲೋಟದಲ್ಲಿಯೇ ಅಳೆಯಬೇಕು. ಕಡಿಮೆಯಾದರೆ ಹುಳ ಸಾಯದು, ಹೆಚ್ಚಾದರೆ ಹಣವೂ ದಂಡ, ಬೆಳೆಗೂ ಸಿಂಪಡಿಸುವವನಿಗೂ ಅಪಾಯ.

ಮಳೆಯ ಗಾದೆ

ಮುಂಗಾರು ಎಂದರೆ ಮುನ್ನಿನ ಕಾರ್, ಮೊದಲ ಮಳೆಗಾಲ. ಅದರ ಹಿಂದಿನಿಂದ ಬರುವುದು ಹಿಂಗಾರು. ಕಚೇರಿಯ ಕಾಗದಗಳಲ್ಲಿ ಬರುವ ಖಾರಿಫ್, ರಬಿ ಎಂಬವು ಅರಬ್ಬಿ ಮಾತುಗಳು. ಖಾರಿಫ್ ಎಂದರೆ ಶರತ್ಕಾಲ, ರಬಿ ಎಂದರೆ ವಸಂತ. ಒಂದು ಭೇದವನ್ನು ಗಮನಿಸಿ: ಆ ಹೆಸರುಗಳು ಕೊಯ್ಲಿನ ಕಾಲವನ್ನು ಹೇಳುತ್ತವೆ, ಕನ್ನಡದ ಹೆಸರುಗಳು ಮಳೆ ಬರುವ ಕಾಲವನ್ನು ಹೇಳುತ್ತವೆ. ತೆರಿಗೆ ಎತ್ತುವವನಿಗೆ ಕೊಯ್ಲು ಮುಖ್ಯ, ಬಿತ್ತುವವನಿಗೆ ಮಳೆ ಮುಖ್ಯ. ‘ರೈತ’ ಎಂಬ ಪದವೇ ಪ್ರಜೆ ಎಂಬ ಅರ್ಥದ ಅರಬ್ಬಿ ಮಾತಿನಿಂದ ಕಂದಾಯದ ದಾರಿ ಹಿಡಿದು ಬಂದುದು. ಊರಿನವರ ಸ್ವಂತ ಬಾಯಲ್ಲಿ ಅವನು ಒಕ್ಕಲಿಗ, ಆರಂಬಗಾರ, ಬೇಸಾಯಗಾರ.

ಮಳೆಗೆ ನಕ್ಷತ್ರದ ಹೆಸರಿಟ್ಟು ಕಟ್ಟಿದ ಗಾದೆಗಳನ್ನು ಎಲ್ಲರೂ ಬಲ್ಲರು. ಸೂರ್ಯ ಒಂದು ನಕ್ಷತ್ರದಲ್ಲಿ ಇರುವ ಸುಮಾರು 13–14 ದಿನವೇ ಒಂದು ಮಳೆ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ.’ ರೋಹಿಣಿ ಬರುವುದು ಮೇ ತಿಂಗಳ ಕೊನೆಯ ವಾರದಿಂದ ಜೂನ್ ಮೊದಲ ವಾರದವರೆಗೆ. ಆಗ ಭೂಮಿ ಹದವಾದರೆ ಮುಂಗಾರಿ ಜೋಳದ ಬಿತ್ತನೆ ಹಿಂದೆ ಬೀಳುವುದಿಲ್ಲ. ‘ಮಘೆ ಮಳೆ ಬಂದಷ್ಟು ಒಳ್ಳೇದು, ಮನೆಮಗ ಉಂಡಷ್ಟು ಒಳ್ಳೇದು.’ ಮಘೆ ಆಗಸ್ಟ್ ಎರಡನೆಯ ಪಾಲಿನದು. ರಾಗಿ, ಬತ್ತ ತೆಂಡೆಯೊಡೆದು ಬೆಳೆಯುವ ಕಾಲ, ಕೆರೆಗೂ ನೀರು ಬರಬೇಕಾದ ಕಾಲ. ‘ಸ್ವಾತಿ ಮಳೆ ಹೊಯ್ದರೆ ಮುತ್ತಿನಂಥ ಜೋಳ.’ ಸ್ವಾತಿ ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ. ಎರೆ ಭೂಮಿಯ ಹಿಂಗಾರಿ ಜೋಳಕ್ಕೆ ಮುಂದೆ ಮಳೆಯ ಆಸೆಯಿಲ್ಲ, ಆ ಒಂದು ಮಳೆಯ ಹಸಿ ತೆನೆಯವರೆಗೆ ನಡೆಸಬೇಕು. ಚಿತ್ತೆ ಮಳೆಗೆ ‘ಕುರುಡು ಚಿತ್ತೆ’ ಎಂಬ ಹೆಸರು. ಒಂದು ಹೊಲಕ್ಕೆ ಸುರಿದು ಬದುವಿನಾಚೆಯ ಹೊಲವನ್ನು ಒಣಗಿಸುವ ಗುಡುಗು ಮಳೆಯ ಕಾಲ ಅದು. ಪ್ರತಿ ಗಾದೆಯ ಹಿಂದೆಯೂ ಬೆಳೆಯ ಬೆಳವಣಿಗೆಯ ಒಂದು ಹಂತ ಇದೆ.

ಆದರೆ ಗಾದೆಗೂ ವಯಸ್ಸಾಗುತ್ತದೆ. ನಕ್ಷತ್ರದ ಲೆಕ್ಕದ ವರ್ಷವು ಋತುಗಳ ಲೆಕ್ಕದ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ವರ್ಷಕ್ಕೆ 20 ನಿಮಿಷವೆಂದರೆ ಸುಮಾರು 72 ವರ್ಷಕ್ಕೆ ಒಂದು ದಿನ. 500 ವರ್ಷದ ಹಿಂದೆ ಕಟ್ಟಿದ ಗಾದೆಯಾದರೆ ಅದು ಹೇಳುವ ಮಳೆ ಋತುವಿನಲ್ಲಿ ಇಂದು ಒಂದು ವಾರ ತಡವಾಗಿ ಕುಳಿತಿದೆ. 1000 ವರ್ಷದ್ದಾದರೆ ಎರಡು ವಾರ, ಅಂದರೆ ಪೂರ್ತಿ ಒಂದು ನಕ್ಷತ್ರದಷ್ಟು. ಮಾತು ಅದೇ ಇದೆ, ಕೆಳಗಿನ ನೆಲ ಜಾರಿದೆ. ಇದರ ಮೇಲೆ ಇಂದಿನ ತಳಿಗಳ ಅವಧಿ ಹಿಂದಿನವುಗಳಿಗಿಂತ ಕಡಿಮೆ. ಆದುದರಿಂದ ಗಾದೆಯನ್ನು ಮರೆಯದೆ, ಬಿತ್ತನೆಯ ದಿನವನ್ನು ಹದ, ತಳಿಯ ಅವಧಿ ಮತ್ತು ಹವಾಮಾನ ಮುನ್ಸೂಚನೆಯನ್ನು ನೋಡಿ ಗೊತ್ತುಮಾಡಬೇಕು.

ರೋಗದ ಹೆಸರು

ರೈತನ ಮಾತು ವಿಜ್ಞಾನಕ್ಕೆ ಹೋದ ಉದಾಹರಣೆಗಳೂ ಉಂಟು. ಮಳೆಗಾಲದಲ್ಲಿ ಅಡಿಕೆಯ ಎಳೆಗಾಯಿ ಕೊಳೆತು ಉದುರುವ ರೋಗಕ್ಕೆ ಮಲೆನಾಡಿನವರು ಕೊಳೆರೋಗವೆಂದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ಅಭ್ಯಾಸ ಮಾಡಿ 1910ರಲ್ಲಿ ಪ್ರಕಟಿಸಿದ ಪುಸ್ತಿಕೆಯಲ್ಲಿ ಹೊಸ ಹೆಸರು ಕಟ್ಟಲು ಹೋಗಲಿಲ್ಲ, ಕೊಳೆರೋಗವೆಂದೇ ಬರೆದರು. ಇಂದಿಗೂ ಇಂಗ್ಲಿಷ್ ಪುಸ್ತಕಗಳಲ್ಲಿ ಅದು ಕೊಳೆರೋಗವೇ. ಏಲಕ್ಕಿಯ ಕಟ್ಟೆ ರೋಗ, ಅಡಿಕೆಯ ಅಣಬೆ ರೋಗ, ಬತ್ತದ ತೆನೆ ಗಟ್ಟಿ ಕಡ್ಡಿಯಂತಾಗುವ ಊದುಬತ್ತಿ ರೋಗ, ಎಲ್ಲವೂ ಪರದೇಶದ ವಿಜ್ಞಾನಿಗಳ ಲೇಖನಗಳಲ್ಲಿ ಕನ್ನಡದ ಹೆಸರಿನಲ್ಲೇ ಬರುತ್ತವೆ. ರೋಗದ ಲಕ್ಷಣವೇ ಹೆಸರಾಗಿರುವುದರಿಂದ ಅವನ್ನು ಮೀರಿಸುವ ಹೆಸರು ಸಿಗಲಿಲ್ಲ.

ದನಗಳ ರೋಗದ ಹೆಸರುಗಳಲ್ಲಿ ಮಾತ್ರ ಎಚ್ಚರ ಬೇಕು. ಗಳಲೆ, ಚಪ್ಪೆ, ನೆರಡಿ ಮೂರೂ ಇದ್ದಕ್ಕಿದ್ದಂತೆ ಕೊಲ್ಲುವ ಬೇನೆಗಳು, ಮೂರಕ್ಕೂ ಲಸಿಕೆ ಬೇರೆ ಬೇರೆ. ಊರಿನಿಂದ ಊರಿಗೆ ಹೆಸರು ಬದಲಾಗುವುದರಿಂದ ಹೆಸರು ಕೇಳಿ ತೃಪ್ತರಾಗದೆ ಲಕ್ಷಣ ಕೇಳಬೇಕು: ಬಾವು ಗಂಟಲಲ್ಲಿದೆಯೋ, ತೊಡೆಯಲ್ಲಿದೆಯೋ? ಸತ್ತ ದನದ ಮೂಗು, ಗುದದ್ವಾರದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದೆಯೋ? ಬಂದಿದ್ದರೆ ಅದು ನೆರಡಿ ಇರಬಹುದು. ಹೆಣವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು, ಪಶುವೈದ್ಯರಿಗೆ ತಿಳಿಸಿ ಆಳವಾಗಿ ಹೂಳಬೇಕು. ಅದು ಮನುಷ್ಯರಿಗೂ ತಗಲುವ ರೋಗ. ಇನ್ನು ದೊಡ್ಡರೋಗ. ಕೊಟ್ಟಿಗೆಗೆ ಕೊಟ್ಟಿಗೆಯನ್ನೇ ಬರಿದು ಮಾಡುತ್ತಿದ್ದ ಈ ರೋಗದಿಂದ ಭಾರತ ಮುಕ್ತವೆಂದು 2006ರಲ್ಲಿಯೂ, ಜಗತ್ತೇ ಮುಕ್ತವೆಂದು 2011ರಲ್ಲಿಯೂ ಘೋಷಣೆಯಾಯಿತು. ಹಳ್ಳಿಯ ಮುದುಕಿಯರು ಮೇವು ತುಳಿದ ದನಕ್ಕೆ, ಮಾತು ಕೇಳದ ಮೊಮ್ಮಗನಿಗೆ ‘ನಿಂಗೆ ದೊಡ್ರೋಗ ಬರ’ ಎಂದು ಬೈಯುವುದು ಮಾತ್ರ ನಿಂತಿಲ್ಲ. ಬೈಗುಳಕ್ಕೆ ಲಸಿಕೆ ಇಲ್ಲ.

‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಎಂದು ಅನ್ಯಾಯವನ್ನು ಕುರಿತು ಹೇಳುತ್ತೇವೆ. ಹೇಳುವವರು ತಪ್ಪು ಹುಡುಕುವುದು ಬರೆ ಎಮ್ಮೆಗೆ ಬಿತ್ತೆಂಬುದರಲ್ಲಿ. ಎತ್ತಿಗೇ ಹಾಕಿದ್ದರೂ ಬರೆಯಿಂದ ಜ್ವರ ಹೋಗುತ್ತಿರಲಿಲ್ಲ. ಕಾದ ಕಬ್ಬಿಣದ ಗಾಯ ಹುಣ್ಣಾಗಿ ನೋವು ಇಮ್ಮಡಿಯಾಗುತ್ತಿತ್ತು, ಅಷ್ಟೆ.

ಕಥೆ ಕಟ್ಟುವವರ ಬಗ್ಗೆ

ಮಾತಿನ ಮೂಲ ಹುಡುಕುವಾಗ ಕೇಳಿದ ಕಥೆಯನ್ನೆಲ್ಲ ನಂಬಬಾರದು. ಬೆಂಗಳೂರಿಗೆ ಬೆಂದ ಕಾಳಿನಿಂದ ಹೆಸರು ಬಂತೆಂದೂ, ಹೊಯ್ಸಳ ಬಲ್ಲಾಳನಿಗೆ ಅಜ್ಜಿಯೊಬ್ಬಳು ಬೇಯಿಸಿದ ಕಾಳು ಕೊಟ್ಟಳೆಂದೂ ಮಕ್ಕಳ ಪುಸ್ತಕದಲ್ಲಿದೆ. ಆದರೆ ಬೇಗೂರಿನ ಸುಮಾರು 890ರ ವೀರಗಲ್ಲಿನಲ್ಲಿಯೇ ಬೆಂಗಳೂರಿನ ಹೆಸರಿದೆ. ಬಲ್ಲಾಳ ಹುಟ್ಟುವ ಮೊದಲೇ ಊರಿಗೆ ಹೆಸರಿತ್ತು. ಹಾಗೆಯೇ ‘ಹೊಲ ಕಳೆ ಕಟ್ಟಿದೆ’ ಎಂದರೆ ರೈತನಿಗೆ ಸಂಕಟ, ‘ಜಾತ್ರೆ ಕಳೆ ಕಟ್ಟಿದೆ’ ಎಂದರೆ ಎಲ್ಲರಿಗೂ ಸಂತೋಷ. ಒಂದೇ ಮಾತು ಹೇಗೆ ಎರಡಾಯಿತೆಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಕೀಳಬೇಕಾದ ಕಳೆ ಅಚ್ಚಗನ್ನಡದ್ದು, ಕಾಂತಿಯ ಕಳೆ ಸಂಸ್ಕೃತದ ‘ಕಲಾ’. ಬೇರೆ ಬೇರೆ ಬೇರಿನ ಎರಡು ಗಿಡಗಳು ಒಂದೇ ಸಾಲಿನಲ್ಲಿ ನಿಂತಿವೆ.

ಕೊನೆಯದಾಗಿ ತಿಪ್ಪೆಯ ಮಾತು. ತಪ್ಪನ್ನು ಮುಚ್ಚಿ ಮೇಲೆ ಚೆಂದ ಮಾಡುವುದಕ್ಕೆ ‘ತಿಪ್ಪೆ ಸಾರಿಸುವುದು’ ಎನ್ನುತ್ತಾರೆ. ಮನೆ ಸಾರಿಸಬೇಕು, ಅಂಗಳ ಸಾರಿಸಬೇಕು. ಒಳಗೆಲ್ಲ ಕಸವಿರುವ ತಿಪ್ಪೆಯನ್ನು ಸಾರಿಸಿ ಏನು ಬಂತು ಎಂಬುದು ಗಾದೆಯ ವ್ಯಂಗ್ಯ. ಇಲ್ಲಿ ಗಾದೆ ಕಟ್ಟಿದವರು ಬೇಸಾಯದಲ್ಲಿ ಸೋತಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ. ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ, ‘ಬೆಂಗಳೂರು ಪದ್ಧತಿ’ ಎಂದೇ ಹೆಸರಾದ ಕಾಂಪೋಸ್ಟ್ ವಿಧಾನದಲ್ಲಿ ತಿಪ್ಪೆಯನ್ನು ಸಾರಿಸುವುದೇ ಮುಖ್ಯ ಕೆಲಸ. ಬಿಸಿಲಿಗೆ ತೆರೆದಿಟ್ಟ ತಿಪ್ಪೆಯಲ್ಲಿ ತೇವ ಆರುತ್ತದೆ, ಸಾರಜನಕ ಗಾಳಿಗೆ ಹೋಗುತ್ತದೆ, ಮಳೆಗೆ ಸತ್ವ ಕೊಚ್ಚಿಹೋಗುತ್ತದೆ. ಅದರ ಬದಲು ನೆರಳಿನಲ್ಲಿ, ನೀರು ನಿಲ್ಲದ ಕಡೆ ಗುಂಡಿ ತೆಗೆದು, ಕಸಕಡ್ಡಿ ಒಂದು ಪದರ, ಸಗಣಿ ಗಂಜಲ ಒಂದು ಪದರ ಹಾಕುತ್ತ, ನೆಲದ ಮಟ್ಟಕ್ಕಿಂತ ಮೇಲೆ ಬಂದ ಮೇಲೆ ಮಣ್ಣು ಸಗಣಿ ಕಲಸಿ ಬಿರುಕಿಲ್ಲದಂತೆ ಸಾರಿಸಿಬಿಡಬೇಕು. ಕೆಲವು ದಿನಗಳಲ್ಲಿ ಅದು ಕುಸಿದು ಬಿರುಕು ಬಿಟ್ಟರೆ ಮತ್ತೊಮ್ಮೆ ಸಾರಿಸಬೇಕು. ಸುಮಾರು ಆರರಿಂದ ಎಂಟು ತಿಂಗಳಿಗೆ, ಮುಂದಿನ ರೋಹಿಣಿಯ ಉಳುಮೆಯ ಹೊತ್ತಿಗೆ ಗೊಬ್ಬರ ಸಿದ್ಧವಾಗಬೇಕಾದರೆ ಕಾರ್ತಿಕ ಮಾಸದೊಳಗೆ ತಿಪ್ಪೆ ಸಾರಿಸಿ ಮುಗಿಸಿರಬೇಕು.